ಗಾಳಿಯ ಲೆಕ್ಕ

ತುಮಕೂರಿನಿಂದ ಶಿರಾ ಕಡೆ ಹೊರಟರೆ ಊರು ಮುಗಿಯುವ ಹೊತ್ತಿಗೆ ಅಂತರಸನಹಳ್ಳಿ. ಕೈಗಾರಿಕಾ ಪ್ರದೇಶ, ತರಕಾರಿಯ ಸಗಟು ಮಾರುಕಟ್ಟೆ, ಪಕ್ಕದಲ್ಲೇ ಪುಣೆ–ಬೆಂಗಳೂರು ಹೆದ್ದಾರಿ. ಬೆಳಗಿನ ಜಾವ ಟೊಮೆಟೊ, ಸೊಪ್ಪು ಹೇರಿಕೊಂಡು ಬರುವ ಟಾಟಾ ಏಸ್‌ನಿಂದ ಹಿಡಿದು ಹತ್ತು ಚಕ್ರದ ಲಾರಿಯವರೆಗೆ ಇಲ್ಲಿ ಓಡಾಡುವುದರಲ್ಲಿ ಬಹುಪಾಲು ಡೀಸೆಲ್. ಅವುಗಳ ನಡುವೆ ಹದಿನೈದು ವರ್ಷ ದಾಟಿದ ಕಾರುಗಳೂ ಇವೆ. 1998ರ ಕೊನೆಯಲ್ಲಿ ಬಂದ ಇಂಡಿಕಾದ ವಂಶದವು, 2000ದಲ್ಲಿ ಬಿಡದಿಯಿಂದ ಹೊರಬಿದ್ದ ಕ್ವಾಲಿಸ್, ಅದರ ಜಾಗಕ್ಕೆ 2005ರಲ್ಲಿ ಬಂದ ಇನ್ನೋವಾ, 2007ರ ಸ್ವಿಫ್ಟ್ ಡೀಸೆಲ್. ಇಂಥ ಗಾಡಿ ಮೆಕ್ಯಾನಿಕ್ ಮುಂದೆ ನಿಂತಾಗ ಮಾಲೀಕರ ದೂರು ಬಹಳ ಚಿಕ್ಕದು: "ಎಳೀತಿಲ್ಲ ಸಾರ್."

ಸ್ಟಾರ್ಟ್ ಆಗುತ್ತದೆ, ಐಡ್ಲಿಂಗ್ ಚೆನ್ನಾಗಿದೆ, ಊರೊಳಗೆ ಏನೂ ತೊಂದರೆಯಿಲ್ಲ. ನಾಮದ ಚಿಲುಮೆ ದಾಟಿ ದೇವರಾಯನದುರ್ಗದ ಏರಿಗೆ ಹೊರಳಿದರೆ ಮಾತ್ರ ದಮ್ಮಿಲ್ಲ; ಆಕ್ಸಿಲರೇಟರ್ ತಳಕ್ಕೆ ಒತ್ತಿದರೂ ಗಾಡಿ ಮೇಲೇಳುವುದಿಲ್ಲ. ಈ ದೂರಿಗೆ ರೂಢಿಯಲ್ಲಿರುವ ಉತ್ತರಗಳೂ ಚಿಕ್ಕವೇ: "ಟರ್ಬೊ ಹೋಗಿದೆ", "ಪಂಪ್ ಕ್ಯಾಲಿಬ್ರೇಶನ್ ಮಾಡಿಸಬೇಕು", "ನಾಝಲ್ ನಾಲ್ಕೂ ಬದಲಾಯಿಸಿ". ಪ್ರತಿಯೊಂದೂ ಹತ್ತಾರು ಸಾವಿರ ರೂಪಾಯಿಯ ಮಾತು. ಅದೆಷ್ಟೋ ಸಲ ಆ ದುಡ್ಡು ಖರ್ಚಾದ ಮೇಲೂ ಗಾಡಿ ಹಾಗೇ ಇರುತ್ತದೆ, ಏಕೆಂದರೆ ಯಾರೂ ಏನನ್ನೂ ಅಳೆದಿರುವುದಿಲ್ಲ. ಡೀಸೆಲ್ ಇಂಜಿನ್ನಿನ ಶಕ್ತಿ ಮೊದಲು ಗಾಳಿಯ ಲೆಕ್ಕ, ಆಮೇಲೆ ಎಣ್ಣೆಯ ಲೆಕ್ಕ ಎಂಬುದು ಮನಸ್ಸಿನಲ್ಲಿ ಕೂತರೆ ಈ ಖರ್ಚಿನ ದೊಡ್ಡ ಭಾಗ ಉಳಿಯುತ್ತದೆ ಎಂದು ನಾನು ನಂಬಿದ್ದೇನೆ.

ಊರೊಳಗೆ ಕಾಣದ ದೋಷ ಏರಿನಲ್ಲಿ ಏಕೆ ಕಾಣುತ್ತದೆ? ಜನರೂ ಸೇರಿ 1,300 ಕಿಲೋ ತೂಗುವ ಕಾರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಲು ಚಕ್ರಗಳಿಗೆ ಬೇಕಾದದ್ದು ಸುಮಾರು 3 ಅಶ್ವಶಕ್ತಿ. ಅದೇ ಕಾರು ಅದೇ ವೇಗದಲ್ಲಿ, ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಹೋಗಬೇಕಾದರೆ 14 ಅಶ್ವಶಕ್ತಿ ಬೇಕು. ಐವತ್ತು ಅಶ್ವಶಕ್ತಿಯ ಇಂಜಿನ್ ತನ್ನ ಅರ್ಧ ಬಲ ಕಳೆದುಕೊಂಡಿದ್ದರೂ ತುಮಕೂರಿನ ಬಿ.ಎಚ್. ರಸ್ತೆಯ ಸಿಗ್ನಲ್ಲುಗಳ ನಡುವೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಗ್ಯಾರೇಜಿನ ಮುಂದೆ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ ನೋಡುವ ಪರೀಕ್ಷೆಯಿಂದ ಹೆಚ್ಚೇನೂ ತಿಳಿಯದು. ಗಾಡಿಯ ಮೇಲೆ ಭಾರ ಬೀಳಬೇಕು. ಬಲ ಕುಸಿಯುವುದು ಯಾವಾಗ ಎಂಬುದೇ ಮೊದಲ ಸುಳಿವು: ಬೆಳಗಿನ ತಣ್ಣನೆಯ ಇಂಜಿನ್ನಿನಲ್ಲೋ, ಏರಿನಲ್ಲೋ, ಹೆದ್ದಾರಿಯಲ್ಲಿ ಹತ್ತು ನಿಮಿಷ ಓಡಿದ ಮೇಲೋ, 2,000 ಆರ್‌ಪಿಎಂ ದಾಟಿದ ಮೇಲೋ?

ಇಂಜಿನ್ನಿನ ಒಳಗೆ ನಡೆಯುವುದನ್ನು ಇಲ್ಲಿ ಸ್ವಲ್ಪ ನೋಡಬೇಕು. ಪೆಟ್ರೋಲ್ ಕಾರಿನಲ್ಲಿ ಆಕ್ಸಿಲರೇಟರ್ ತುಳಿದಾಗ ಗಾಳಿಯ ಬಾಗಿಲು ತೆರೆಯುತ್ತದೆ, ಎಷ್ಟು ಗಾಳಿ ಒಳಗೆ ಹೋಯಿತೋ ಅದಕ್ಕೆ ತಕ್ಕ ಪೆಟ್ರೋಲ್ ಸೇರುತ್ತದೆ. ಸಾಂಪ್ರದಾಯಿಕ ಡೀಸೆಲ್‌ನಲ್ಲಿ ಆ ಬಾಗಿಲೇ ಇಲ್ಲ. ಪ್ರತಿ ಸಲವೂ ಸಿಲಿಂಡರ್ ತನ್ನಿಂದ ಆದಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ಪೆಡಲ್ ತೀರ್ಮಾನಿಸುವುದು ಎಷ್ಟು ಎಣ್ಣೆ ಸಿಂಪಡಿಸಬೇಕು ಎಂಬುದನ್ನು ಮಾತ್ರ. ಕಿಡಿ ಹಚ್ಚುವ ಪ್ಲಗ್ಗೂ ಇಲ್ಲ. ಸೈಕಲ್ ಪಂಪನ್ನು ಜೋರಾಗಿ ಒತ್ತಿದಾಗ ಅದರ ತುದಿ ಕೈಗೆ ಬಿಸಿ ತಾಗುವಂತೆ, ಒತ್ತಿದ ಗಾಳಿ ಕಾಯುತ್ತದೆ; ಇಂಜಿನ್ನಿನಲ್ಲಿ ಆ ಒತ್ತಡ ಎಷ್ಟು ತೀವ್ರವೆಂದರೆ ಗಾಳಿಯ ಉಷ್ಣತೆ 500 ಡಿಗ್ರಿ ದಾಟುತ್ತದೆ, ಮಂಜಿನಂತೆ ಬಿದ್ದ ಡೀಸೆಲ್ ತಾನಾಗಿ ಹತ್ತಿಕೊಳ್ಳುತ್ತದೆ. ಹಳೆಯ ಇಂಡಿಕಾದಂಥ ಪ್ರಿಚೇಂಬರ್ ಇಂಜಿನ್ನುಗಳು ಗಾಳಿಯನ್ನು ಇಪ್ಪತ್ತೆರಡರಲ್ಲಿ ಒಂದು ಪಾಲಿನ ಆಸುಪಾಸಿಗೆ ಅಮುಕುತ್ತವೆ, ಕಾಮನ್ ರೈಲ್ ಇಂಜಿನ್ನುಗಳು ಹದಿನೇಳು–ಹದಿನೆಂಟರಲ್ಲಿ ಒಂದು ಪಾಲಿಗೆ. ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಹಟ ಹಿಡಿದು ಸಾಧಿಸಿದ್ದು ಇದನ್ನೇ. 1897ರ ಫೆಬ್ರವರಿಯಲ್ಲಿ ನಡೆದ ಪರೀಕ್ಷೆಯಲ್ಲಿ ಅವನ ಇಂಜಿನ್ ಇಂಧನದ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕೆಲಸವಾಗಿಸಿ ತೋರಿಸಿತು. ಆ ಕಾಲದ ಉಗಿ ಇಂಜಿನ್ನುಗಳಿಗೆ ಅದು ಎಟುಕದ ಮಾತು.

ಈಗ ತುಮಕೂರಿನ ಲೆಕ್ಕ ಹಾಕೋಣ. ಒಂದು ಲೀಟರ್ ಡೀಸೆಲ್ ಸುಮಾರು 835 ಗ್ರಾಂ ತೂಗುತ್ತದೆ. ಒಂದು ಗ್ರಾಂ ಡೀಸೆಲ್ ಪೂರ್ತಿ ಉರಿಯಲು ಹದಿನಾಲ್ಕೂವರೆ ಗ್ರಾಂ ಗಾಳಿ ಬೇಕು. ಅಂದರೆ ಲೀಟರಿಗೆ ಹನ್ನೆರಡು ಕಿಲೋ ಗಾಳಿ. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ನೂರಕ್ಕೆ ಒಂಬತ್ತರಷ್ಟು ಕಡಿಮೆ. ಆ ಒತ್ತಡದಲ್ಲಿ, 27 ಡಿಗ್ರಿ ಬಿಸಿಲಲ್ಲಿ, ಹನ್ನೆರಡು ಕಿಲೋ ಗಾಳಿ ಎಂದರೆ 11 ಸಾವಿರ ಲೀಟರಿಗೂ ಹೆಚ್ಚು. ಒಂದು ಲೀಟರ್ ಎಣ್ಣೆಗೆ 11 ಸಾವಿರ ಲೀಟರ್ ಗಾಳಿ! ಅದೂ ಕನಿಷ್ಠ ಲೆಕ್ಕ. ಸಿಲಿಂಡರಿನೊಳಗೆ ಎಣ್ಣೆ ಮತ್ತು ಗಾಳಿ ಬೆರೆಯಲು ಸಿಗುವ ಸಮಯ ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟೆ, ಆದ್ದರಿಂದ ಡೀಸೆಲ್ ಇಂಜಿನ್ನಿಗೆ ಯಾವಾಗಲೂ ಸಾಕಷ್ಟು ಹೆಚ್ಚುವರಿ ಗಾಳಿ ಬೇಕು. ಇಲ್ಲದಿದ್ದರೆ ಎಣ್ಣೆ ಅರೆಬೆಂದು ಮಸಿಯಾಗುತ್ತದೆ. ಹಿಂದಿನಿಂದ ಬರುವ ಕಪ್ಪು ಹೊಗೆ ಎಂದರೆ ಗಾಳಿ ಸಾಲದೆ ಹೋದ ಎಣ್ಣೆ.

ಇಲ್ಲೇ ಬಹಳ ಜನ ತಪ್ಪುದಾರಿ ಹಿಡಿಯುವುದು. ಕಪ್ಪು ಹೊಗೆ ಕಂಡ ತಕ್ಷಣ "ಎಣ್ಣೆ ಜಾಸ್ತಿ ಹೋಗ್ತಿದೆ, ಪಂಪ್ ಬಿಚ್ಚೋಣ" ಎನ್ನುತ್ತಾರೆ. ಎಣ್ಣೆ ಸರಿಯಾಗಿಯೇ ಹೋಗುತ್ತಿದ್ದು ಗಾಳಿ ಕಡಿಮೆಯಾಗಿದ್ದರೂ ಹೊಗೆ ಕಪ್ಪೇ. ಗಾಳಿಯ ದಾರಿ ನೋಡುವ ಕೆಲಸಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು, ಪಂಪ್ ಬಿಚ್ಚಿಸುವುದು ಸಾವಿರಾರು ರೂಪಾಯಿಯ ಬಾಬತ್ತು. ಮೊದಲು ಯಾವುದನ್ನು ನೋಡಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಹೊಗೆ ಬಿಳಿಯಿದ್ದರೆ ಕಥೆ ಬೇರೆ. ಅದು ಹತ್ತಿಕೊಳ್ಳದೆ ಹೊರಬಿದ್ದ ಎಣ್ಣೆಯ ಆವಿ. ಸಿಲಿಂಡರ್ ಸಾಕಷ್ಟು ಕಾಯುತ್ತಿಲ್ಲ ಅಥವಾ ಎಣ್ಣೆ ತಡವಾಗಿ ಬೀಳುತ್ತಿದೆ. ನೀಲಿಯಿದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಹೊಗೆಯೇ ಇಲ್ಲದೆ ಬಲ ಮಾತ್ರ ಇಲ್ಲವೆಂದರೆ ಎಣ್ಣೆ ಬರುತ್ತಿಲ್ಲ, ಇಲ್ಲವೇ ಕಂಪ್ಯೂಟರ್ ಬಿಡುತ್ತಿಲ್ಲ. ವಾಯುಮಾಲಿನ್ಯ ತಪಾಸಣೆಯವರು ಗಾಡಿಯನ್ನು ರೇಸ್ ಮಾಡಿಸಿ ಅಳೆಯುವುದೂ ಹೊಗೆಯ ಈ ಕಪ್ಪನ್ನೇ, ಬೆಳಕನ್ನು ಅದು ಎಷ್ಟು ತಡೆಯುತ್ತದೆ ಎಂದು. ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ 65 ಹಾರ್ಟ್‌ರಿಜ್ ಘಟಕ, ಬಿಎಸ್-4ಕ್ಕೆ 50 ಮೇಲ್ಮಿತಿ. ಆ ಚೀಟಿಯನ್ನು ಪೊಲೀಸರಿಗೆ ತೋರಿಸಲೆಂದು ಡ್ಯಾಶ್‌ಬೋರ್ಡಿನಲ್ಲಿ ಇಟ್ಟು ಮರೆಯುತ್ತೇವೆ. ಹೋದ ಸಲದ ಅಂಕಿಗೂ ಈ ಸಲದ ಅಂಕಿಗೂ ವ್ಯತ್ಯಾಸ ನೋಡಿದರೆ ಅದೊಂದು ಒಳ್ಳೆಯ ರೋಗಪತ್ರ.

ಗಾಳಿಯ ದಾರಿ ಶುರುವಾಗುವುದು ಏರ್ ಫಿಲ್ಟರ್‌ನಲ್ಲಿ. 1.4 ಲೀಟರಿನ ಇಂಜಿನ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 30 ಲೀಟರ್ ಗಾಳಿ ಎಳೆಯುತ್ತದೆ. ಲಾರಿಗಳು ಎಬ್ಬಿಸುವ ಧೂಳಿನಲ್ಲಿ, ಕುಣಿಗಲ್ ಕಡೆಯ ಮಣ್ಣುರಸ್ತೆಗಳಲ್ಲಿ ದಿನಾ ಓಡುವ ಗಾಡಿಯ ಫಿಲ್ಟರ್, ಕೈಪಿಡಿಯಲ್ಲಿ ಬರೆದಷ್ಟು ಕಿಲೋಮೀಟರ್ ಬಾಳುವುದಿಲ್ಲ. ಬಿಚ್ಚಿ ಬೆಳಕಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಬದಲಿಸಿ. ಏರ್ ಗನ್ನಿನಿಂದ ಊದಿ ಮತ್ತೆ ಹಾಕುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಜೋರು ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬಿದ್ದರೆ ಧೂಳು ನೇರ ಸಿಲಿಂಡರಿಗೆ ಹೋಗುತ್ತದೆ.

ಗಾಳಿಯ ಜಾಗವನ್ನು ಬೇರೆ ಅನಿಲ ಹಿಡಿದರೆ ಏನಾಗುತ್ತದೆ? ಇದಕ್ಕೆ ಇದೇ ಜಿಲ್ಲೆಯಲ್ಲಿ, ಕುಣಿಗಲ್ ತಾಲ್ಲೂಕಿನಲ್ಲಿ, ಒಂದು ಅಪರೂಪದ ಚರಿತ್ರೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರು 1974ರಲ್ಲಿ ಹುಟ್ಟುಹಾಕಿದ 'ಅಸ್ತ್ರ' ತಂಡ ಉಂಗ್ರದಲ್ಲಿ ತನ್ನ ಕೇಂದ್ರ ಮಾಡಿಕೊಂಡು ಸುತ್ತಲಿನ ಹಳ್ಳಿಗಳಲ್ಲಿ ಕೆಲಸ ಮಾಡಿತು. 1987ರಲ್ಲಿ ಪುರ ಎಂಬ ಹಳ್ಳಿಯಲ್ಲಿ ಸಗಣಿಯ ಗೋಬರ್ ಅನಿಲವನ್ನು ಡೀಸೆಲ್ ಇಂಜಿನ್ನಿನ ಗಾಳಿಯ ಜೊತೆ ಬೆರೆಸಿ ಬಿಟ್ಟರು, ವಿದ್ಯುತ್ ಉತ್ಪಾದಿಸಿ ಕುಡಿಯುವ ನೀರೆತ್ತಿದರು. ಮರುವರ್ಷ ಹೊಸಹಳ್ಳಿಯಲ್ಲಿ ಸೌದೆಯಿಂದ ತೆಗೆದ ಅನಿಲದಲ್ಲಿ ಅದೇ ಕೆಲಸ. ಹತ್ತಿಸಲು ಸ್ವಲ್ಪ ಡೀಸೆಲ್, ಉಳಿದ ಶಾಖವೆಲ್ಲ ಊರಿನದೇ ಅನಿಲದಿಂದ. ಡೀಸೆಲ್ ಬಹಳ ಉಳಿಯಿತು. ಆದರೆ ಇಂಥ ದ್ವಿ-ಇಂಧನ ಇಂಜಿನ್ನಿಗೆ ಒಂದು ಬೆಲೆಯಿದೆ: ಬರೀ ಡೀಸೆಲ್‌ನಲ್ಲಿ ಸಿಗುವ ಗರಿಷ್ಠ ಬಲ ಸಿಗುವುದಿಲ್ಲ. ಸೌದೆ ಅನಿಲದಲ್ಲಿ ಸರಿಸುಮಾರು ಅರ್ಧ ಸಾರಜನಕ. ಅದು ಉರಿಯುವುದೂ ಇಲ್ಲ, ಉರಿಸುವುದೂ ಇಲ್ಲ, ಸಿಲಿಂಡರಿನಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಕೂರುತ್ತದೆ. ವಿಜ್ಞಾನಿಗಳು ಅದನ್ನು ತಿಳಿದೇ ಒಪ್ಪಿಕೊಂಡಿದ್ದರು, ಹಳ್ಳಿಯ ದೀಪಕ್ಕೆ ಆ ಬಲ ಸಾಕಿತ್ತು.

ನಮ್ಮ ಕಾರಿನಲ್ಲಿ ಇದೇ ಘಟನೆ ಯಾರ ಒಪ್ಪಿಗೆಯೂ ಇಲ್ಲದೆ ನಡೆಯುತ್ತದೆ, ಇಜಿಆರ್ ವಾಲ್ವ್ ಎಂಬ ಒಂದು ಪುಟ್ಟ ಬಾಗಿಲಿನ ಮೂಲಕ. ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಇಂಜಿನ್ನಿನೊಳಕ್ಕೆ ಬಿಡುವುದು ಇದರ ಕೆಲಸ. ಹಾಗೆ ಮಾಡಿದರೆ ದಹನದ ಉಷ್ಣತೆ ಇಳಿದು, ಶ್ವಾಸಕೋಶಕ್ಕೆ ಕೆಡುಕಾದ ಸಾರಜನಕದ ಆಕ್ಸೈಡುಗಳು ಕಡಿಮೆ ಹುಟ್ಟುತ್ತವೆ. ಪೆಡಲ್ ಪೂರ್ತಿ ತುಳಿದಾಗ ಆ ಬಾಗಿಲು ಮುಚ್ಚಿಕೊಳ್ಳಬೇಕು. ವರ್ಷಗಟ್ಟಲೆ ಮಸಿ, ಎಣ್ಣೆಯ ಜಿಡ್ಡು ಸೇರಿ ಅದು ಅರ್ಧ ತೆರೆದೇ ಅಂಟಿಕೊಂಡರೆ, ಏರಿನಲ್ಲಿ ಆಮ್ಲಜನಕ ಬೇಕಾದಾಗ ಒಳಗೆ ಬರುವುದು ಸುಟ್ಟ ಹೊಗೆ. ಬಲ ಕುಸಿಯುತ್ತದೆ, ಕಪ್ಪು ಹೊಗೆ ಉಗುಳುತ್ತದೆ, ಆ ಮಸಿ ಮತ್ತೆ ಅದೇ ಕೊಳವೆಗೆ ಮೆತ್ತಿಕೊಳ್ಳುತ್ತದೆ. ಊರಿನೊಳಗೇ ನಿಧಾನ ಓಡುವ ಗಾಡಿಗಳಲ್ಲಿ ಇದು ಬೇಗ ಕಟ್ಟುತ್ತದೆ. ಬಿಚ್ಚಿ ಕಾರ್ಬನ್ ಕ್ಲೀನರ್ ಹಾಕಿ ಉಜ್ಜಿದರೆ ಅರ್ಧ ದಿನದ ಕೆಲಸ. ತಗಡು ಕೊಟ್ಟು ಶಾಶ್ವತವಾಗಿ ಮುಚ್ಚಿಬಿಡುವ ಅಭ್ಯಾಸವೂ ಇದೆ. ಗಾಡಿ ಚುರುಕಾಗುವುದು ನಿಜ. ಆದರೆ ಅದರ ವಿಷ ಕುಡಿಯುವವರು ಹಿಂದೆ ಬೈಕಿನಲ್ಲಿ ಬರುವವರು, ಶಾಲೆಯ ಗೇಟಿನ ಮುಂದೆ ನಿಂತ ಮಕ್ಕಳು. ಅದನ್ನು ದುರಸ್ತಿ ಎಂದು ಕರೆಯಲು ನನ್ನಿಂದಾಗದು.

ಟರ್ಬೊ ಇರುವ ಗಾಡಿಗಳಲ್ಲಿ ಗಾಳಿಯ ದಾರಿ ಇನ್ನೂ ಉದ್ದ. ಹೊರಹೋಗುವ ಹೊಗೆಯ ರಭಸದಿಂದ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುವ ಪುಟ್ಟ ಚಕ್ರ ಗಾಳಿಯನ್ನು ಒತ್ತಿ ಇಂಟರ್‌ಕೂಲರ್ ಮೂಲಕ ಸಿಲಿಂಡರಿಗೆ ತಳ್ಳುತ್ತದೆ. 1905ರಲ್ಲೇ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಇದಕ್ಕೆ ಪೇಟೆಂಟ್ ಪಡೆದಿದ್ದ. ಟರ್ಬೊ ತಾನೇ ಕೆಟ್ಟಿರುವುದಕ್ಕಿಂತ ಅದರ ರಬ್ಬರ್ ಹೋಸು ಬಿರಿದಿರುವುದು, ಕ್ಲಿಪ್ಪು ಸಡಿಲಾಗಿರುವುದು, ಅದನ್ನು ನಿಯಂತ್ರಿಸುವ ಪೆನ್ಸಿಲ್ ದಪ್ಪದ ವ್ಯಾಕ್ಯೂಮ್ ಪೈಪು ಒಣಗಿ ಸೀಳಿರುವುದೇ ಹೆಚ್ಚು. ಏರಿನಲ್ಲಿ ಬುಸ್ಸೆಂಬ ಸದ್ದು, ಹೋಸಿನ ಮೇಲೆ ಹೊಸದಾಗಿ ಇಂಜಿನ್ ಆಯಿಲ್ ಕಲೆ ಕಂಡರೆ ಅಲ್ಲಿ ಕೈಯಾಡಿಸಿ. ಬಿರುಕು ಹೋಸಿನ ಕೆಳಮಗ್ಗುಲಲ್ಲೇ ಇರುವುದು ವಾಡಿಕೆ, ಮೇಲಿಂದ ಬಗ್ಗಿ ನೋಡಿದವರಿಗೆ ಕಾಣುವುದಿಲ್ಲ.

ಕಂಪ್ಯೂಟರ್ ಇರುವ ಕಾರಿಗೆ ಸ್ಕ್ಯಾನರ್ ಹಾಕಿದಾಗ ಎಲ್ಲರೂ ದೋಷಸಂಕೇತ ಓದಿ ಮುಗಿಸುತ್ತಾರೆ. ಅದಕ್ಕಿಂತ ಬೆಲೆಯುಳ್ಳದ್ದು ಜೀವಂತ ಅಂಕಿಗಳು. ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ, ಇನ್‌ಟೇಕ್ ಒತ್ತಡದ ಸೆನ್ಸರ್ ಏನು ತೋರಿಸುತ್ತದೆ ನೋಡಿ. ಇಂಜಿನ್ ನಿಂತಿರುವಾಗ ಅದು ಅಳೆಯುವುದು ಊರಿನ ಹವೆಯನ್ನೇ. ತುಮಕೂರಿನಲ್ಲಿ ಅದು 92 ಕಿಲೋಪಾಸ್ಕಲ್ ಆಸುಪಾಸು ಇರಬೇಕು, ದೇವರಾಯನದುರ್ಗದ ಮೇಲೆ 88ರ ಹತ್ತಿರ. ಪುಸ್ತಕದಲ್ಲಿ ಬರೆದ 101 ಸಮುದ್ರತೀರದ ಅಂಕಿ. ತುಮಕೂರಿನಲ್ಲಿ ನಿಂತ ಗಾಡಿ 101 ಎಂದೋ 75 ಎಂದೋ ತೋರಿಸಿದರೆ ಸೆನ್ಸರೇ ಸುಳ್ಳು ಹೇಳುತ್ತಿದೆ, ಅದರ ಮಾತು ನಂಬಿ ಕಂಪ್ಯೂಟರ್ ತಪ್ಪು ಎಣ್ಣೆ ಅಳೆಯುತ್ತಿದೆ. ಗಾಳಿಯ ಪ್ರಮಾಣ ಅಳೆಯುವ ಇನ್ನೊಂದು ಸೆನ್ಸರಿಗೆ ಧೂಳು ಮೆತ್ತಿದಾಗಲೂ ಹೀಗೇ: ಬಂದ ಗಾಳಿಗಿಂತ ಕಡಿಮೆ ಎಂದು ವರದಿ ಮಾಡುತ್ತದೆ, ಹೊಗೆ ಬರಬಾರದೆಂದು ಕಂಪ್ಯೂಟರ್ ಎಣ್ಣೆ ಕಡಿತ ಮಾಡುತ್ತದೆ. ಹೊಗೆಯಿಲ್ಲ, ಬಲವೂ ಇಲ್ಲ.

ಆಮೇಲೆ ಏರಿನಲ್ಲಿ, ಪಕ್ಕದ ಸೀಟಿನಲ್ಲಿ ಕೂತವರು ಎರಡು ಜೋಡಿ ಅಂಕಿ ಬರೆದುಕೊಳ್ಳಬೇಕು. ಟರ್ಬೊ ಒತ್ತಡ ಎಷ್ಟಿರಬೇಕೆಂದು ಕಂಪ್ಯೂಟರ್ ಕೇಳಿದೆ, ಎಷ್ಟು ಸಿಕ್ಕಿದೆ. ಇಂಜೆಕ್ಟರುಗಳಿಗೆ ಎಣ್ಣೆ ಹಂಚುವ ರೈಲ್ ಕೊಳವೆಯ ಒತ್ತಡ ಎಷ್ಟು ಕೇಳಿದೆ, ಎಷ್ಟು ಸಿಕ್ಕಿದೆ. ಮೊದಲನೆಯದು ಕೇಳಿದ್ದಕ್ಕಿಂತ ಹಿಂದೆ ಬಿದ್ದರೆ ದೋಷ ಗಾಳಿಯ ಕಡೆ. ಎರಡನೆಯದು ಬಿದ್ದರೆ ಎಣ್ಣೆಯ ಕಡೆ. ಇಷ್ಟು ತಿಳಿಯಲು ಒಂದು ನಟ್ಟನ್ನೂ ಬಿಚ್ಚಬೇಕಿಲ್ಲ. ವ್ಯತ್ಯಾಸ ಮಿತಿ ಮೀರಿದಾಗ ಇಂಜಿನ್ನನ್ನು ಉಳಿಸಲು ಕಂಪ್ಯೂಟರ್ ತಾನೇ ಬಲ ಕಡಿತ ಮಾಡಿ, 'ಲಿಂಪ್ ಮೋಡ್'ಗೆ ಹೋಗುತ್ತದೆ. ಕೀ ತೆಗೆದು ಮತ್ತೆ ಹಾಕಿದರೆ ಗಾಡಿ ಸರಿಹೋದಂತೆ ಕಾಣುತ್ತದೆ. ಆ ಹೊತ್ತಿಗೆ ಸಂಕೇತ ಅಳಿಸಿ ಕಳಿಸುವುದು ಸುಳಿವನ್ನೇ ಅಳಿಸಿದಂತೆ.

ಎಣ್ಣೆಯ ಕಡೆಗೆ ಬಂದರೆ, ಕರ್ನಾಟಕದವರಿಗೆ ಇದು ಮನೆಯ ವಿದ್ಯೆ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ ದಶಕಗಟ್ಟಲೆ ಡೀಸೆಲ್ ಪಂಪು ಮಾಡಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು, ಊರೂರಿನ ಪಂಪ್ ರಿಪೇರಿಯವರ ಬಾಯಲ್ಲಿ ಇವತ್ತಿಗೂ ಮೈಕೋ. ಈ ಪಂಪುಗಳೊಳಗಿನ ಪ್ಲಂಜರಿಗೂ ಅದರ ಗೂಡಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಕಾಮನ್ ರೈಲ್ ಬಂದ ಮೇಲೆ ಒತ್ತಡ 1,300–1,600 ಬಾರ್‌ಗೆ ಏರಿತು. ಅಷ್ಟು ಸೂಕ್ಷ್ಮವಾದದ್ದನ್ನು ಕಾಯುವುದು ಡೀಸೆಲ್ ಫಿಲ್ಟರ್ ಒಂದೇ, ಮತ್ತು ಬಲ ಕುಸಿತಕ್ಕೆ ಎಣ್ಣೆಯ ಕಡೆಯ ಮೊದಲ ಕಾರಣವೂ ಅದೇ. ಕಟ್ಟಿದ ಫಿಲ್ಟರ್ ಐಡ್ಲಿಂಗ್‌ಗೆ ಸಾಕಾಗುವಷ್ಟು ಎಣ್ಣೆ ಬಿಡುತ್ತದೆ, ಏರಿಗೆ ಸಾಕಾಗುವಷ್ಟು ಬಿಡುವುದಿಲ್ಲ. ಅದರ ತಳದಲ್ಲಿ ನಿಂತ ನೀರನ್ನು ತಿರುಪು ಸಡಿಲಿಸಿ ಇಳಿಸಬೇಕೆಂಬುದು ಎಷ್ಟೋ ಮಾಲೀಕರಿಗೆ ಗೊತ್ತಿಲ್ಲ. ಮಳೆಗಾಲದ ನಂತರ ಒಮ್ಮೆ ಇಳಿಸಿ ಗಾಜಿನ ಲೋಟದಲ್ಲಿ ನೋಡಿ, ನೀರು ಕೆಳಗೆ ನಿಲ್ಲುತ್ತದೆ.

ಟ್ಯಾಂಕಿನಿಂದ ಪಂಪಿಗೆ ಬರುವ ಪೈಪು ಇನ್ನೊಂದು ಗುಮಾನಿ. ಹಳೆಯ ಗಾಡಿಗಳಲ್ಲಿ ಪಂಪು ತಾನೇ ಎಣ್ಣೆಯನ್ನು ಹೀರಿಕೊಳ್ಳುವುದರಿಂದ, ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಎಣ್ಣೆ ಹೊರಕ್ಕೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಕ್ಕೆ ಬರುತ್ತದೆ. ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಮೊಳ ಪಾರದರ್ಶಕ ಪೈಪು ಸಿಕ್ಕಿಸಿ ನೋಡಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಟ್ಯಾಂಕಿನ ಮುಚ್ಚಳ ತೆಗೆದಾಗ ಗಾಳಿ ಒಳಕ್ಕೆ ಎಳೆದ ಸದ್ದಾಗಿ ಗಾಡಿ ಮತ್ತೆ ಓಡಿದರೆ, ಟ್ಯಾಂಕಿನ ಗಾಳಿಕಿಂಡಿ ಕಟ್ಟಿದೆ. ಇವೆಲ್ಲ ಸರಿಯಿದ್ದ ಮೇಲೆ ಇಂಜೆಕ್ಟರುಗಳ ಸರದಿ. ನಾಲ್ಕರ ವಾಪಸು ಪೈಪುಗಳನ್ನೂ ನಾಲ್ಕು ಬಾಟಲಿಗೆ ಬಿಟ್ಟು ಇಂಜಿನ್ ಓಡಿಸಿ. ಮೂರರಲ್ಲಿ ಬೆರಳಗಲ, ಒಂದರಲ್ಲಿ ಅರ್ಧ ಬಾಟಲಿ ತುಂಬಿದರೆ ಒತ್ತಡ ಸೋರುತ್ತಿರುವುದು ಅಲ್ಲಿ. ಬದಲಿಸಬೇಕಾದದ್ದು ಆ ಒಂದನ್ನು.

ಇಂಜಿನ್ನಿಗೆ ಸಂಬಂಧವೇ ಇಲ್ಲದ ಕಾರಣಗಳನ್ನೂ ನೋಡಬೇಕು. ಆಕ್ಸಿಲರೇಟರ್ ಕೇಬಲ್ ಜಗ್ಗಿ ಪಂಪಿನ ಲಿವರ್ ಪೂರ್ತಿ ತಿರುಗದಿರುವುದು. ಕ್ಲಚ್ ಜಾರಿ ಆರ್‌ಪಿಎಂ ಏರಿದರೂ ವೇಗ ಏರದಿರುವುದು. ಹಿಂದಿನ ಬ್ರೇಕ್ ಹಿಡಿದುಕೊಂಡೇ ಇರುವುದು. ಹತ್ತು ಕಿಲೋಮೀಟರ್ ಓಡಿಸಿ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದರೆ ಬಿಸಿಯಾದದ್ದು ತಿಳಿಯುತ್ತದೆ.

ಕೊನೆಗೆ ಉಳಿಯುವುದು ಸಿಲಿಂಡರ್. ಎರಡು ಲಕ್ಷ ಕಿಲೋಮೀಟರ್ ದಾಟಿದ ಇಂಜಿನ್ನಿನಲ್ಲಿ ಕಂಪ್ರೆಶನ್ ಪರೀಕ್ಷೆ ಮಾಡದೆ ಟರ್ಬೊಗೋ ಪಂಪಿಗೋ ದುಡ್ಡು ಹಾಕುವುದು ದುಡುಕು. ತಣ್ಣನೆಯ ಇಂಜಿನ್ ಸ್ಟಾರ್ಟ್ ಆಗಲು ಸಿಲಿಂಡರನ್ನು ಕಾಯಿಸುವ ಗ್ಲೋ ಪ್ಲಗ್ ತೆಗೆದ ಜಾಗಕ್ಕೆ ಮೀಟರ್ ಹಾಕಿ ಅಳೆದಾಗ ನಾಲ್ಕೂ ಸಮನಾಗಿ ಇದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಬಹಳ ಕೆಳಗಿದ್ದರೆ, ಡಿಸೆಂಬರಿನ ಬೆಳಿಗ್ಗೆ ಅಡ್ಡಾದಿಡ್ಡಿ ನಡುಗಿ ಬಿಳಿ ಹೊಗೆ ಬಿಡುವುದು ಆ ಸಿಲಿಂಡರೇ. ಆಗಲೂ ಇಂಜಿನ್ ಇಳಿಸುವ ಮುಂಚೆ ಇನ್ನೊಂದು ಪರೀಕ್ಷೆ ಉಳಿದಿದೆ. ಆ ಸಿಲಿಂಡರಿನ ಪಿಸ್ಟನ್ನನ್ನು ಕಂಪ್ರೆಶನ್ ಹೊಡೆತದ ತುದಿಗೆ ತಂದು, ವಾಲ್ವುಗಳೆರಡೂ ಮುಚ್ಚಿರುವಾಗ ಕಂಪ್ರೆಸರಿನಿಂದ ಗಾಳಿ ತುಂಬಿ, ಅದು ಎಲ್ಲಿಂದ ಹೊರಬರುತ್ತದೆ ಎಂದು ಕಿವಿಗೊಡಬೇಕು. ಡಿಪ್‌ಸ್ಟಿಕ್ಕಿನ ರಂಧ್ರದಲ್ಲಿ ಕೇಳಿದರೆ ಪಿಸ್ಟನ್ ರಿಂಗು ಸವೆದಿದೆ, ದೊಡ್ಡ ಕೆಲಸ. ಏರ್ ಫಿಲ್ಟರ್ ಕಡೆ ಕೇಳಿದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನ ನೀರಿನಲ್ಲಿ ಗುಳ್ಳೆಯೆದ್ದರೆ ಹೆಚ್ಚಾಗಿ ಹೆಡ್ ಗ್ಯಾಸ್ಕೆಟ್. ಈ ಮೂರಕ್ಕೂ ಹೆಡ್ ಇಳಿಸಿದರೆ ಸಾಕು, ಇಂಜಿನ್ ಪೂರ್ತಿ ಬಿಚ್ಚಬೇಕಿಲ್ಲ.